‘ಚರ್ಚಿಸಿದಂತೆ’ ಅಂದ್ರೆ ಎಲ್ಲಿ ಸ್ವಾಮಿ?

ತಿಥಿ ದಿನದ ಬೆಕ್ಕಿನ ಕಥೆ ನಿಮಗೂ ಗೊತ್ತಿರುತ್ತೆ. ಒಬ್ಬರ ಮನೆಯಲ್ಲಿ ಒಂದು ಬೆಕ್ಕಿತ್ತು. ತಿಥಿ ಮಾಡುವಾಗ ಹಾಲು, ತುಪ್ಪಕ್ಕೆ ಬಾಯಿ ಹಾಕುತ್ತೆ ಅಂತ ಮನೆ ಯಜಮಾನ ಅದನ್ನು ಹಿಡಿದು ಬುಟ್ಟಿ ಕವುಚಿಬಿಡುತ್ತಿದ್ದ. ಮಗ ಇದನ್ನು ನೋಡುತ್ತಲೇ ಬೆಳೆದ. ಅಪ್ಪನೂ ಹೋದ, ಬೆಕ್ಕೂ ಹೋಯ್ತು. ಅಪ್ಪನ ತಿಥಿ ದಿನ ಮಗ ಊರೆಲ್ಲ ಸುತ್ತಿ, ಯಾರದೋ ಮನೆಯ ಬೆಕ್ಕನ್ನು ಕಾಡಿ ಬೇಡಿ ತಂದು, ಅದರ ಮೇಲೆ ಬುಟ್ಟಿ ಕವುಚಿ, ಆಮೇಲೆ ಪುರೋಹಿತರಿಗೆ ‘ಇನ್ನು ಶುರು ಮಾಡಿ’ ಅಂದ.

ಈ ಕಥೆಯನ್ನು ಮೂಢನಂಬಿಕೆಯ ಬಗ್ಗೆ ಹೇಳುವಾಗ ಬಳಸ್ತಾರೆ. ನನಗೆ ಮಾತ್ರ ಇದು ನನ್ನ ಕಸುಬಿನ ಕಥೆ ಅನ್ನಿಸುತ್ತೆ. ಹೊಟ್ಟೆಪಾಡಿಗೆ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವವನು. ಶನಿವಾರ, ಭಾನುವಾರ ಸಮಯ ಸಿಕ್ಕರೆ ಮುಕ್ತ ತಂತ್ರಾಂಶದ ಕೆಲಸ. ಎರಡೂ ಕಡೆ ನಾನು ದಿನವೂ ನೋಡುವುದು ಬುಟ್ಟಿಗಳನ್ನೇ. ಯಾರೋ, ಯಾವತ್ತೋ, ಯಾವುದೋ ಕಾರಣಕ್ಕೆ ಕವುಚಿ ಹೋದ ಬುಟ್ಟಿಗಳು. ಕೆಳಗೆ ಬೆಕ್ಕು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಆ ಮಗನನ್ನು ದಡ್ಡ ಅಂತ ನಗುವ ಹಾಗಿಲ್ಲ. ಕಾರಣ ಗೊತ್ತಿಲ್ಲದವನ ಮುಂದೆ ಇರುವುದು ಎರಡೇ ದಾರಿ. ಭಯದಿಂದ ಹಾಗೇ ಮುಂದುವರಿಸುವುದು, ಇಲ್ಲಾ ಭಂಡಧೈರ್ಯದಿಂದ ಕಿತ್ತು ಬಿಸಾಕುವುದು. ಯೋಚನೆ ಮಾಡಿ ತೀರ್ಮಾನ ತೆಗೆದುಕೊಳ್ಳುವ ಮೂರನೇ ದಾರಿ ಬೇಕಾದರೆ, ‘ಬೆಕ್ಕು ಹಾಲಿಗೆ ಬಾಯಿ ಹಾಕುತ್ತೆ, ಅದಕ್ಕೆ’ ಅಂತ ಅಪ್ಪ ಎಲ್ಲಾದರೂ ಒಂದು ಸಾಲು ಬರೆದಿಡಬೇಕಿತ್ತು. ಆ ಒಂದು ಸಾಲಿನ ಬಗ್ಗೆ ಇವತ್ತು ನನ್ನ ಮಾತು.

ಸಾಫ್ಟ್‌ವೇರ್ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾವು ಬರೆಯುವ ಪ್ರೋಗ್ರಾಮಿನಲ್ಲಿ ಏನೇ ಬದಲಾವಣೆ ಮಾಡಿದರೂ ಅದು ಒಂದು ಲೆಕ್ಕದ ಪುಸ್ತಕಕ್ಕೆ ಸೇರುತ್ತೆ. ಇವತ್ತು ಹೆಚ್ಚಿನವರು ಬಳಸುವ ಪುಸ್ತಕದ ಹೆಸರು ಗಿಟ್. ಲಿನಸ್ ಟೊರ್ವಾಲ್ಡ್ಸ್ ಇದನ್ನು 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನೆಲ್ ಕೆಲಸಕ್ಕೆ ಅಂತ ಬರೆದರು. ಪುಸ್ತಕದ ಒಂದೊಂದು ನಮೂದಿಗೂ ಕಮಿಟ್ ಅಂತಾರೆ. ಯಾವ ಸಾಲು ಹೋಯಿತು, ಯಾವ ಸಾಲು ಬಂತು, ಯಾರು ಮಾಡಿದರು, ಯಾವತ್ತು ಮಾಡಿದರು, ಇಷ್ಟನ್ನು ಯಂತ್ರವೇ ಬರೆದುಕೊಳ್ಳುತ್ತೆ. ಯಂತ್ರಕ್ಕೆ ಗೊತ್ತಾಗದೇ ಇರುವುದು ಒಂದೇ: ಯಾಕೆ ಮಾಡಿದರು? ಅದನ್ನು ಮನುಷ್ಯನೇ ಬರೆಯಬೇಕು. ಅದಕ್ಕೆ ಬಿಟ್ಟಿರುವ ಜಾಗವೇ ಕಮಿಟ್ ಮೆಸೇಜ್.

ಜಮೀನಿನ ವ್ಯವಹಾರ ಬಲ್ಲವರಿಗೆ ಇದು ಇನ್ನೂ ಸುಲಭ. ಪಹಣಿ ತೆಗೆದು ನೋಡಿ. ಸ್ವಾಧೀನದಾರರ ಹೆಸರಿನ ಜೊತೆ ಒಂದು ಎಂ.ಆರ್. ಸಂಖ್ಯೆ ಇರುತ್ತೆ. ಆ ಸಂಖ್ಯೆ ಹಿಡಿದು ಮ್ಯುಟೇಶನ್ ರಿಜಿಸ್ಟರ್‌ಗೆ ಹೋದರೆ, ಈ ಹೆಸರು ಇಲ್ಲಿಗೆ ಹೇಗೆ ಬಂತು ಅಂತ ಗೊತ್ತಾಗುತ್ತೆ. ಕ್ರಯವೋ, ವಿಭಾಗವೋ, ದಾನವೋ, ಪೌತಿಯೋ. ಪಹಣಿ ಹೇಳುವುದು ಈಗ ಏನಿದೆ ಅನ್ನೋದನ್ನ, ಮ್ಯುಟೇಶನ್ ಹೇಳುವುದು ಹಾಗೆ ಯಾಕಾಯ್ತು ಅನ್ನೋದನ್ನ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಕೆಲಸಕ್ಕೆ ಬರುವುದು ಆ ಪುಟ್ಟ ಸಂಖ್ಯೆ. ಅದಿಲ್ಲದ ಪಹಣಿ ಕೈಗೆ ಬಂದರೆ ಯಾವ ವಕೀಲನೂ ಮೂಗು ಮುರಿಯುತ್ತಾನೆ.

ನಮ್ಮ ಪುಸ್ತಕದಲ್ಲಿ ಆ ಸಂಖ್ಯೆಯ ಜಾಗದಲ್ಲಿ ಏನಿರುತ್ತೆ ಹೇಳಿ? ಬಹಳ ಸಲ ಒಂದೇ ಪದ: ‘ಚರ್ಚಿಸಿದಂತೆ’.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಹಣ ಪಾವತಿಯ ಪ್ರೋಗ್ರಾಮಿನಲ್ಲಿ ಏಳು ಸೆಕೆಂಡ್ ಸುಮ್ಮನೆ ಕಾಯುವ ಒಂದು ಸಾಲಿತ್ತು. ಐದಲ್ಲ, ಹತ್ತಲ್ಲ, ಸರಿಯಾಗಿ ಏಳು. ಗ್ರಾಹಕರು ‘ನಿಮ್ಮ ಆ್ಯಪ್ ಯಾಕೆ ಇಷ್ಟು ನಿಧಾನ’ ಅಂತ ಬೈಯುತ್ತಿದ್ದರು. ಸಾಲಿನ ಚರಿತ್ರೆ ತೆಗೆದು ನೋಡಿದೆವು. ನಾಲ್ಕು ವರ್ಷ ಹಿಂದಿನ ಕಮಿಟ್. ಮೆಸೇಜ್ ಇದ್ದದ್ದು ಇಷ್ಟೇ: ‘ಚರ್ಚಿಸಿದಂತೆ ಕಾಯುವ ಸಮಯ ಸೇರಿಸಲಾಗಿದೆ’. ಯಾರ ಜೊತೆ ಚರ್ಚೆ? ಎಲ್ಲಿ? ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಅವರ ಇಮೇಲ್ ಖಾತೆ ಅವತ್ತೇ ಮುಚ್ಚಿತ್ತು. ಆಗ ಬಳಸುತ್ತಿದ್ದ ಚಾಟ್ ಬದಲಾಗಿ, ಹಳೆಯ ಮಾತುಕತೆಯೆಲ್ಲ ಅಳಿಸಿಹೋಗಿತ್ತು. ಬಹುಶಃ ಚರ್ಚೆ ನಡೆದದ್ದು ಕ್ಯಾಂಟೀನಿನಲ್ಲೋ, ಲಿಫ್ಟ್‌ನಲ್ಲೋ. ಪ್ರಪಂಚದ ಯಾವ ಹುಡುಕಾಟದ ಯಂತ್ರಕ್ಕೂ ಸಿಗದ ಜಾಗಗಳು ಅವು.

ಮೂರು ವಾರ ನಾವು ಆ ಏಳು ಸೆಕೆಂಡಿನ ಸುತ್ತ ಪ್ರದಕ್ಷಿಣೆ ಹಾಕಿದೆವು. ತೆಗೆದರೆ ಹಣ ಎರಡು ಸಲ ಕಟ್ಟಾಗುತ್ತದೆಯೇ? ಇನ್ನೊಂದು ಬದಿಯ ಬ್ಯಾಂಕಿನ ವ್ಯವಸ್ಥೆ ಅಷ್ಟು ಸಮಯ ಕೇಳುತ್ತದೆಯೇ? ಪ್ರಯೋಗ ಮಾಡಿದೆವು, ಅಂಕಿ ಅಂಶ ತೆಗೆದೆವು, ಕೊನೆಗೆ ಹಿರಿಯರೊಬ್ಬರು ‘ಏನಾದರೂ ಆದರೆ ಯಾರು ಉತ್ತರ ಕೊಡ್ತೀರಿ?’ ಅಂದರು. ಸಾಲು ಹಾಗೇ ಉಳಿಯಿತು. ನಾನು ಆ ಕೆಲಸ ಬಿಟ್ಟ ದಿನವೂ ಅಲ್ಲಿ ಏಳು ಸೆಕೆಂಡ್ ಕಾಯುತ್ತಿದ್ದರು. ಲಕ್ಷಾಂತರ ಜನರ ಏಳು ಸೆಕೆಂಡ್ ಅಂದರೆ ಎಷ್ಟು ಮನುಷ್ಯರ ಎಷ್ಟು ದಿನ, ಲೆಕ್ಕ ಹಾಕಿ ನೋಡಿ.

ಮುಕ್ತ ತಂತ್ರಾಂಶದ ಲೋಕದಲ್ಲಿ ಈ ವಿಷಯ ಇನ್ನೂ ಗಂಭೀರ, ಹಾಗೇ ಇನ್ನೂ ಸುಲಭ ಕೂಡ. ಗಂಭೀರ ಯಾಕೆ ಅಂದರೆ ಅಲ್ಲಿ ಯಾರೂ ಒಟ್ಟಿಗೆ ಕೂತು ಟೀ ಕುಡಿಯುವುದಿಲ್ಲ. ಒಬ್ಬ ಬ್ರೆಜಿಲ್‌ನಲ್ಲಿ, ಒಬ್ಬಳು ಜರ್ಮನಿಯಲ್ಲಿ, ಇನ್ನೊಬ್ಬ ನಮ್ಮ ಜೆ.ಪಿ. ನಗರದಲ್ಲಿ. ಮುಖ ನೋಡದೆಯೇ ಹತ್ತು ವರ್ಷ ಒಟ್ಟಿಗೆ ಕೆಲಸ ಮಾಡಿರುತ್ತಾರೆ. ಸುಲಭ ಯಾಕೆ ಅಂದರೆ, ಟೀ ಕುಡಿಯುವುದಿಲ್ಲವಾದ್ದರಿಂದ ಜಗಳವೆಲ್ಲ ಬರವಣಿಗೆಯಲ್ಲೇ ನಡೆಯುತ್ತೆ! ‘ಇದು ತಪ್ಪು’, ‘ಯಾಕೆ ತಪ್ಪು’, ‘ಅದನ್ನು ಆಗಲೇ ಪ್ರಯತ್ನಿಸಿ ನೋಡಿದೆವು’, ಎಲ್ಲವೂ ಎಲ್ಲೋ ಒಂದು ಕಡೆ ಅಚ್ಚಳಿಯದೆ ಇದೆ. ಬೇಕಾಗಿರುವುದು ಬದಲಾದ ಸಾಲಿನಿಂದ ಆ ಜಗಳಕ್ಕೆ ಒಂದು ದಾರ ಕಟ್ಟುವುದು ಮಾತ್ರ.

ಲಿನಕ್ಸ್ ಕರ್ನೆಲ್‌ನವರು ಈ ದಾರ ಕಟ್ಟುವ ಕೆಲಸವನ್ನು ಒಂದು ಶಿಸ್ತಾಗಿ ಬೆಳೆಸಿದ್ದಾರೆ. ಮೆಸೇಜ್‌ನ ಕೊನೆಯಲ್ಲಿ ‘ಲಿಂಕ್’ ಅಂತ ಬರೆದು ಸಂಬಂಧಪಟ್ಟ ಚರ್ಚೆಯ ವಿಳಾಸ ಕೊಡಬೇಕು. ಹಳೆಯ ಕಮಿಟ್‌ನ ದೋಷ ಸರಿಪಡಿಸುತ್ತಿದ್ದರೆ ‘ಫಿಕ್ಸಸ್’ ಅಂತ ಬರೆದು ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರವಾದರೂ ಕೊಟ್ಟು, ಅದರ ಶೀರ್ಷಿಕೆಯನ್ನೂ ಬರೆಯಬೇಕು. ದೋಷವನ್ನು ತೋರಿಸಿಕೊಟ್ಟವರ ಹೆಸರು ಹಾಕಿದರೆ, ಅದರ ಹಿಂದೆಯೇ ಅವರ ವರದಿ ಎಲ್ಲಿದೆ ಅಂತಲೂ ಹೇಳಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರದ್ದು ಇನ್ನೂ ಸರಳ. ಅವರ ಇತ್ತೀಚಿನ ಯಾವುದಾದರೂ ದೊಡ್ಡ ಬದಲಾವಣೆ ತೆಗೆದು ನೋಡಿ, ಕೆಳಗೆ ಯಾರು ಬರೆದರು, ಯಾರು ಪರಿಶೀಲಿಸಿದರು ಅನ್ನೋದರ ಜೊತೆ ‘ಡಿಸ್ಕಶನ್’ ಅಂತ ಒಂದು ಸಾಲು ಇರುತ್ತೆ. ಅದನ್ನು ಹಿಡಿದು ಹೋದರೆ ಇಡೀ ಪಂಚಾಯ್ತಿ ಕಟ್ಟೆಯ ಮಾತುಕತೆ ನಿಮ್ಮ ಮುಂದೆ.

ಇಷ್ಟು ಶಿಸ್ತಿನ ಲಿನಕ್ಸ್‌ನಲ್ಲೂ ಒಂದು ಗೋಡೆ ಇದೆ. ಗಿಟ್‌ಗೆ ಬಂದಾಗ ಟೊರ್ವಾಲ್ಡ್ಸ್ ಹಳೆಯ ಚರಿತ್ರೆಯನ್ನು ಜೊತೆಗೆ ತರಲಿಲ್ಲ. ಹಾಗಾಗಿ ಬಹಳ ಹಳೆಯ ಸಾಲೊಂದರ ಬೆನ್ನು ಹತ್ತಿ ಹೋದವರು ಕೊನೆಗೆ 2005ರ ಏಪ್ರಿಲ್ 16ರ ಒಂದೇ ಒಂದು ಕಮಿಟ್‌ಗೆ ಹೋಗಿ ಢಿಕ್ಕಿ ಹೊಡೆಯುತ್ತಾರೆ. ಸಾವಿರಾರು ಕಡತಗಳು, ಒಂದೇ ದಿನಾಂಕ. ಅದಕ್ಕಿಂತ ಹಿಂದಿನದ್ದನ್ನು ಶ್ರದ್ಧೆಯಿಂದ ಬೇರೆ ಭಂಡಾರವಾಗಿ ಕೂಡಿಸಿಟ್ಟವರು ಇದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಆದರೂ ಆ ಗೋಡೆಯ ಎದುರು ನಿಂತಾಗ, ಹಳೆಯ ಶಾಸನದ ಮೇಲಿನ ಅರ್ಧ ಒಡೆದುಹೋದ ಹಾಗೆ ಅನ್ನಿಸುತ್ತೆ.

ಇದೆಲ್ಲ ದೂರದ ಮಾತಾಯಿತು ಅನ್ನಬೇಡಿ. ನೀವು ಫೋನಿನಲ್ಲಿ ಕನ್ನಡ ಓದುತ್ತೀರಲ್ಲ, ಅಲ್ಲಿಗೇ ಬರೋಣ.

ಕಂಪ್ಯೂಟರ್ ಒಳಗೆ ಕನ್ನಡ ಅಕ್ಷರಗಳು ಬಿಡಿಬಿಡಿಯಾಗಿ ಇರುತ್ತವೆ. ವ್ಯಂಜನ, ವಿರಾಮ ಚಿಹ್ನೆ, ಮತ್ತೆ ವ್ಯಂಜನ, ಹೀಗೆ. ಅವನ್ನು ಜೋಡಿಸಿ, ಒತ್ತಕ್ಷರವನ್ನು ಕೆಳಗೆ ಕೂರಿಸಿ, ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣಿಸುವ ಕೆಲಸಕ್ಕೆ ಬೇರೆಯೇ ಒಂದು ತಂತ್ರಾಂಶ ಇದೆ. ಹಾರ್ಫ್‌ಬಜ್ ಅಂತ ಅದರ ಹೆಸರು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರ ಒಳಗೂ ಇರುವುದು ಅದೇ. ಮುಕ್ತ ತಂತ್ರಾಂಶ, ಯಾರು ಬೇಕಾದರೂ ತೆರೆದು ಓದಬಹುದು. ಭಾರತೀಯ ಲಿಪಿಗಳನ್ನು ನೋಡಿಕೊಳ್ಳುವ ಅದರ ಕಡತದಲ್ಲಿ, ಹಳೆಯ ಮಾದರಿಯ ಫಾಂಟ್‌ಗಳಿಗೆ ಸಂಬಂಧಿಸಿದ ಒಂದು ಜಾಗದಲ್ಲಿ, ಕನ್ನಡಕ್ಕೆ ಮಾತ್ರ ಒಂದು ವಿನಾಯಿತಿ ಇದೆ. ಆ ಫಾಂಟ್‌ಗಳಿಗಾಗಿ ವಿರಾಮ ಚಿಹ್ನೆಯನ್ನು ಕೊನೆಯ ವ್ಯಂಜನದ ಆಚೆಗೆ ಸರಿಸಬೇಕು. ಆದರೆ ಅಲ್ಲಿ ಆಗಲೇ ಇನ್ನೊಂದು ವಿರಾಮ ಇದ್ದರೆ, ಕನ್ನಡದಲ್ಲಿ ಸರಿಸಬಾರದು. ಮಲಯಾಳಂ, ಬಂಗಾಳಿ, ದೇವನಾಗರಿಯಲ್ಲಾದರೆ ಸರಿಸಬೇಕು.

ಅರೆ, ನಮಗೆ ಮಾತ್ರ ಯಾಕೆ ಬೇರೆ ನಿಯಮ? ಅಚ್ಚುಕಟ್ಟಿನ ಪ್ರೋಗ್ರಾಮರ್ ಒಬ್ಬ ಇದನ್ನು ನೋಡಿದರೆ ‘ಯಾರೋ ತಪ್ಪಾಗಿ ಹಾಕಿರಬೇಕು’ ಅಂತ ಒರೆಸಿ ಹಾಕುವುದು ಸಹಜ. ಒರೆಸಿಲ್ಲ. ಯಾಕೆ ಅಂದರೆ ವಿನಾಯಿತಿಯ ಮೇಲೆಯೇ ಕಾರಣ ಬರೆದಿದ್ದಾರೆ. ಮೈಕ್ರೋಸಾಫ್ಟ್‌ನ ಯುನಿಸ್ಕ್ರೈಬ್ ಹೀಗೆ ಮಾಡುತ್ತದೆ ಎಂದು ವರದಿಗಳು ಬಂದಿವೆ. ಪರೀಕ್ಷೆ ಮಾಡಲು ಉದಾಹರಣೆ ಇದು: ಚ, ವಿರಾಮ, ಚ, ವಿರಾಮ. ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳಲ್ಲಿ ನೋಡಿ. ಚರ್ಚೆ ಇರುವುದು ಫ್ರೀಡೆಸ್ಕ್‌ಟಾಪ್‌ನ 59118ನೇ ದೋಷ ವರದಿಯಲ್ಲಿ. ಉಳಿದ ಲಿಪಿಗಳ ಬಗ್ಗೆ ನಮಗೆ ಸದ್ಯಕ್ಕೆ ಗೊತ್ತಿಲ್ಲ ಅಂತಲೂ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾರೆ.

ಚ, ವಿರಾಮ, ಚ, ವಿರಾಮ ಜೋಡಿಸಿದರೆ ಏನಾಗುತ್ತೆ? ‘ಚ್ಚ್’. ಯಾರಾದರೂ ಕಷ್ಟ ಹೇಳಿಕೊಂಡಾಗ ನಾವು ನಾಲಿಗೆಯಲ್ಲಿ ಮಾಡುವ ಸದ್ದು. ‘ಹುಚ್ಚ್ ಹುಚ್ಚಾಗಿ ಆಡಬೇಡ’ ಅಂತ ಬರೆಯುವಾಗಿನ ಆ ಒತ್ತು. ಇಷ್ಟು ಸಣ್ಣ ಜಾಗ. ಕನ್ನಡದ ಒಂದಕ್ಷರವೂ ಓದಲು ಬಾರದವರು ನಿರ್ವಹಿಸುವ ತಂತ್ರಾಂಶದಲ್ಲಿ ಈ ‘ಚ್ಚ್’ ಇಷ್ಟು ವರ್ಷ ಉಳಿದುಕೊಂಡಿರುವುದಕ್ಕೆ ಆ ಸಂಖ್ಯೆ ಮತ್ತು ಅದರ ಪಕ್ಕದ ನಾಲ್ಕು ಸಾಲಿನ ಸಾರ ಕಾರಣ. ಇಲ್ಲಿ ಅದು ಕೋಡಿನ ಒಳಗಿನ ಟಿಪ್ಪಣಿಯಾಗಿದೆ, ಬೇರೆ ಕಡೆ ಕಮಿಟ್ ಮೆಸೇಜ್ ಆಗಿರುತ್ತೆ. ಕೆಲಸ ಒಂದೇ. ಸಣ್ಣ ಭಾಷೆಗಳಿಗೆ ಇದು ಜೀವದ ಪ್ರಶ್ನೆ ಅಂತ ನಾನು ತಿಳಿದುಕೊಂಡಿದ್ದೇನೆ. ಇಂಗ್ಲಿಷಿಗೆ ಏನಾದರೂ ಎಡವಟ್ಟಾದರೆ ಹತ್ತು ನಿಮಿಷದಲ್ಲಿ ಪ್ರಪಂಚ ಬೊಬ್ಬೆ ಹಾಕುತ್ತೆ. ‘ಚ್ಚ್’ ಕೆಟ್ಟರೆ ಯಾರು ಬೊಬ್ಬೆ ಹಾಕಬೇಕು? ನಮ್ಮ ಪರವಾಗಿ ಅಲ್ಲಿ ಕೂತಿರುವುದು ಆ ಒಂದು ಉಲ್ಲೇಖ.

ಹಾಗಾದರೆ ಚರ್ಚೆಯ ಸಂಖ್ಯೆ ಹಾಕಿಬಿಟ್ಟರೆ ಸಾಕೇ? ಸಾಲದು. ಇದಕ್ಕೆ ನಮ್ಮ ಲೋಕದ ಅತಿ ದುಬಾರಿ ಪಾಠ ಒಂದಿದೆ.

2006ರಲ್ಲಿ ಡೆಬಿಯನ್ ಲಿನಕ್ಸ್‌ಗಾಗಿ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರಿಗೆ ಒಂದು ತೊಂದರೆ ಎದುರಾಯಿತು. ಓಪನ್‌ಎಸ್‌ಎಸ್‌ಎಲ್ ಅಂದರೆ ಗುಪ್ತಲಿಪಿಯ ಕೀಲಿಗಳನ್ನು ತಯಾರಿಸುವ ತಂತ್ರಾಂಶ. ಕೀಲಿಯನ್ನು ಯಾರೂ ಊಹಿಸಬಾರದು ಅಂದರೆ ಅದರೊಳಗೆ ಯಾದೃಚ್ಛಿಕತೆ, ಅಂದರೆ ಯಾವ ಲೆಕ್ಕಕ್ಕೂ ಸಿಗದ ಗೊಂದಲ, ತುಂಬಬೇಕು. ದೋಷ ಹುಡುಕುವ ವಾಲ್‌ಗ್ರಿಂಡ್ ಎಂಬ ಸಾಧನ, ಹೀಗೆ ಗೊಂದಲ ತುಂಬುವ ಜಾಗದ ಎರಡು ಸಾಲುಗಳಿಂದಾಗಿ ಎಲ್ಲ ಕಡೆ ಎಚ್ಚರಿಕೆ ಕೊಡುತ್ತಿತ್ತು. ಅವರು ಆ ವರ್ಷದ ಮೇ ತಿಂಗಳಲ್ಲಿ ಓಪನ್‌ಎಸ್‌ಎಸ್‌ಎಲ್‌ನವರ ಸಾರ್ವಜನಿಕ ಚರ್ಚೆಯಲ್ಲಿ ಕೇಳಿದರು: ಈ ಎರಡು ಸಾಲು ತೆಗೆದರೆ ಹೇಗೆ? ಓಪನ್‌ಎಸ್‌ಎಸ್‌ಎಲ್ ತಂಡದವರೊಬ್ಬರು ಉತ್ತರ ಕೊಟ್ಟರು. ದೋಷ ಹುಡುಕುವುದಕ್ಕೆ ಸಹಾಯವಾಗುವುದಾದರೆ ತೆಗೆಯಬಹುದು ಎಂಬ ಅರ್ಥದ ಮಾತು. ಸಾಲುಗಳು ಹೋದವು. ಡೆಬಿಯನ್‌ನ ಟಿಪ್ಪಣಿಯಲ್ಲಿ ದೋಷದ ಸಂಖ್ಯೆ ಇತ್ತು, 363516. ವಾಲ್‌ಗ್ರಿಂಡ್ ಎಚ್ಚರಿಕೆ ನಿಲ್ಲಿಸಲು ಅಂತ ಕಾರಣವೂ ಇತ್ತು. ಎಲ್ಲ ಸರಿಯಾಗೇ ಕಾಣುತ್ತಿತ್ತು.

ನೋಡಲು ಒಂದೇ ಥರ ಇದ್ದ ಆ ಎರಡು ಸಾಲಿನಲ್ಲಿ ಒಂದು ತೆಗೆದರೆ ನಷ್ಟವಿರಲಿಲ್ಲ. ಇನ್ನೊಂದು ಇಡೀ ಗೊಂದಲವನ್ನು ಒಳಗೆ ಸುರಿಯುವ ಕೊಳವೆಯೇ ಆಗಿತ್ತು. ಅದು ಹೋದ ಮೇಲೆ ಒಳಗೆ ಬರುತ್ತಿದ್ದ ವ್ಯತ್ಯಾಸ ಅಂದರೆ ಪ್ರೋಗ್ರಾಮಿನ ಪ್ರಕ್ರಿಯೆ ಸಂಖ್ಯೆ ಮಾತ್ರ. ಸಾಮಾನ್ಯವಾಗಿ ಅದು 32,768ರ ಒಳಗೇ ಇರುತ್ತೆ. ಅಂದರೆ ಬ್ರಹ್ಮಾಂಡದಷ್ಟು ಕೀಲಿಗಳಿರಬೇಕಾದ ಕಡೆ, ಒಂದು ಬಗೆಯ ಯಂತ್ರಕ್ಕೆ, ಒಂದು ಅಳತೆಗೆ ಮೂವತ್ತು ಸಾವಿರ ಚಿಲ್ಲರೆ ಕೀಲಿ. ಹುಡುಗರು ಒಂದು ಮಧ್ಯಾಹ್ನದಲ್ಲಿ ಎಲ್ಲ ತಯಾರಿಸಿ ಇಟ್ಟುಕೊಳ್ಳಬಹುದು. ಇದು ಸುಮಾರು ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಲೂಸಿಯಾನೋ ಬೆಲ್ಲೋ ಎಂಬ ಡೆಬಿಯನ್ ಡೆವಲಪರ್ ಪತ್ತೆ ಹಚ್ಚಿದ ಮೇಲೆ, 2008ರ ಮೇ 13ರಂದು ಎಚ್ಚರಿಕೆ ಹೊರಟಿತು. ಡೆಬಿಯನ್, ಉಬುಂಟು ಬಳಸುತ್ತಿದ್ದ ಪ್ರಪಂಚದ ಮೂಲೆ ಮೂಲೆಯ ಜನ ರಾತ್ರೋರಾತ್ರಿ ಕೀಲಿ ಬದಲಾಯಿಸಿದರು.

ಇದರಲ್ಲಿ ನನಗೆ ಕಾಣುವುದು ಎರಡು ವಿಷಯ. ಒಂದು, ‘ದೋಷ ಹುಡುಕುವುದಕ್ಕಾದರೆ’ ಅನ್ನುವ ಷರತ್ತು ಚರ್ಚೆಯಲ್ಲಿತ್ತು, ಬದಲಾವಣೆಯ ಟಿಪ್ಪಣಿಗೆ ಬರಲಿಲ್ಲ. ‘ಇಂಥವರು ಇಂಥ ಉದ್ದೇಶಕ್ಕೆ ಆಗಬಹುದು ಅಂದಿದ್ದಾರೆ, ನಾವು ಎಲ್ಲರಿಗೂ ಕೊಡುವ ಆವೃತ್ತಿಯಲ್ಲೇ ತೆಗೆಯುತ್ತಿದ್ದೇವೆ’ ಅಂತ ಸಾರ ಬರೆಯಲು ಕೂತಿದ್ದರೆ, ಆ ಎರಡು ಮಾತಿನ ನಡುವಿನ ಬಿರುಕು ಬರೆಯುವ ಕೈಗೇ ತಗುಲುತ್ತಿತ್ತೇನೋ. ಮಾತನ್ನು ಸಂಗ್ರಹಿಸಿ ಬರೆಯುವಾಗಲೇ ಅರ್ಥವಾಗದ್ದು ಯಾವುದು ಅಂತ ಗೊತ್ತಾಗುವುದು. ಲಿಂಕ್ ಅಂಟಿಸುವಾಗ ಗೊತ್ತಾಗಲ್ಲ.

ಎರಡನೆಯದು ಸಮಾಧಾನದ ವಿಷಯ. ಬೈಗುಳ ಸಾಕಷ್ಟು ಬಿತ್ತು, ನಿಜ. ಆದರೆ ಯಾರು ಯಾರನ್ನು ಏನು ಕೇಳಿದರು, ಏನು ಉತ್ತರ ಬಂತು ಅನ್ನೋದು ಪ್ರತಿಯೊಬ್ಬರೂ ಓದುವ ಹಾಗೆ ಬಯಲಲ್ಲಿತ್ತು. ಆ ಸ್ವಯಂಸೇವಕರು ಕಳ್ಳತನದಿಂದ ಏನೂ ಮಾಡಿರಲಿಲ್ಲ, ಹೋಗಿ ಕೇಳಿದ್ದರು, ಅದಕ್ಕೆ ಪುರಾವೆ ಇತ್ತು. ಮುಚ್ಚಿದ ಬಾಗಿಲಿನ ಹಿಂದೆ ಇಂಥದ್ದು ನಡೆದಿದ್ದರೆ ಒಬ್ಬರ ತಲೆದಂಡ ಆಗಿ ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ಸಾರ ಬರೆಯಬೇಕು ಅನ್ನೋದಕ್ಕೆ ಇನ್ನೊಂದು ಸಾದಾ ಕಾರಣವೂ ಇದೆ. ವಿಳಾಸಗಳು ಸಾಯುತ್ತವೆ. ಗ್ಮೇನ್ ಎಂಬ ತಾಣ 2002ರಿಂದ ಸಾವಿರಾರು ಇಮೇಲ್ ಚರ್ಚೆಗಳನ್ನು ಸಂಗ್ರಹಿಸಿಡುತ್ತಿತ್ತು. ನಾರ್ವೆಯ ಲಾರ್ಸ್ ಮಾಗ್ನೆ ಇಂಗೆಬ್ರಿಗ್ಟ್‌ಸನ್ ಎಂಬ ಒಬ್ಬ ಮನುಷ್ಯ ನಡೆಸುತ್ತಿದ್ದ ತಾಣ ಅದು. ಗಿಟ್‌ನ ಸ್ವಂತ ಕಮಿಟ್ ಮೆಸೇಜ್‌ಗಳಲ್ಲೇ ಗ್ಮೇನ್ ವಿಳಾಸಗಳು ಧಾರಾಳವಾಗಿದ್ದವು. 2016ರ ಬೇಸಿಗೆಯ ಹೊತ್ತಿಗೆ ಅವರಿಗೆ ಸಾಕಾಗಿ ವೆಬ್ ಪುಟಗಳನ್ನು ನಿಲ್ಲಿಸಿದರು. ಅವರನ್ನು ದೂರುವ ಹಾಗಿಲ್ಲ, ಅಷ್ಟು ವರ್ಷ ಊರಿನ ಕೆರೆಯನ್ನು ಒಬ್ಬರೇ ಕಾದವರು. ಆದರೆ ಆ ವಿಳಾಸಗಳಲ್ಲಿ ಇದ್ದದ್ದು ಗ್ಮೇನ್ ತಾನೇ ಕೊಟ್ಟುಕೊಂಡ ಕ್ರಮಸಂಖ್ಯೆ. ಆ ತಾಣವಿಲ್ಲದೆ ಅದು ಬರೀ ಅಂಕಿ. ಮನೆ ನಂಬರ್ ಇದೆ, ಬೀದಿಯೇ ಇಲ್ಲ ಅನ್ನೋ ಹಾಗೆ.

ಹೀಗಾಗಿ ಈಗ ಜಾಣರು ಮಾಡುವುದು ಏನೆಂದರೆ, ಇಮೇಲ್‌ನದ್ದೇ ಆದ ಗುರುತು, ಮೆಸೇಜ್ ಐಡಿ ಅಂತಾರಲ್ಲ, ಅದು ವಿಳಾಸದ ಒಳಗೇ ಇರುವ ಹಾಗೆ ಕೊಡುವುದು. ಲಿನಕ್ಸ್‌ನವರ ಸಂಗ್ರಹ, ಪೋಸ್ಟ್‌ಗ್ರೆಸ್‌ನವರ ಸಂಗ್ರಹ ಎರಡರ ವಿಳಾಸವೂ ಹೀಗೇ ಇದೆ. ಒಂದು ಸಂಗ್ರಹ ಮುಳುಗಿದರೂ ಅದೇ ಗುರುತನ್ನು ಇನ್ನೊಂದರಲ್ಲಿ ಹುಡುಕಬಹುದು. ಕರ್ನೆಲ್‌ನವರ ಕೈಪಿಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ಲಿಂಕ್ ಕೊಡಿ, ಆದರೆ ಹೊರಗಿನ ಯಾವುದನ್ನೂ ನೋಡದೆಯೇ ಅರ್ಥವಾಗುವ ಹಾಗೆ ವಿವರಣೆ ಬರೆಯಿರಿ, ಚರ್ಚೆಯ ಮುಖ್ಯಾಂಶವನ್ನು ಸಂಗ್ರಹಿಸಿ ಹೇಳಿ, ಅನ್ನೋದು ಅದರ ತಾತ್ಪರ್ಯ.

ಲಿಂಕ್ ಅನ್ನುವುದು ಶಾಸ್ತ್ರಕ್ಕೆ ಹಾಕುವ ಕುಂಕುಮವಾಗಿಬಿಡುವ ಅಪಾಯವೂ ಇದೆ. ಪ್ಯಾಚ್ ಕಳಿಸಿದ ಅದೇ ಇಮೇಲ್‌ಗೆ ಕರೆದುಕೊಂಡು ಹೋಗಿ ನಿಲ್ಲಿಸುವ, ಹೊಸದೇನೂ ಹೇಳದ ಲಿಂಕ್‌ಗಳನ್ನು ಕಂಡು ಟೊರ್ವಾಲ್ಡ್ಸ್ 2025ರಲ್ಲಿ ಬಹಿರಂಗವಾಗಿ ಸಿಡುಕಿದ್ದರು. ಏನೋ ಸಿಗುತ್ತೆ ಅಂತ ಆಸೆಯಿಂದ ಒತ್ತಿದವನಿಗೆ ತಾನು ಆಗಲೇ ಓದಿದ್ದೇ ಮತ್ತೆ ಸಿಕ್ಕರೆ ಸಿಟ್ಟು ಬರುವುದು ನ್ಯಾಯವೇ. ಆ ಇಮೇಲ್‌ನ ಕೆಳಗೆ ಪರಿಶೀಲನೆಯ ಮಾತುಕತೆ ಇರುತ್ತಲ್ಲ, ಅದಕ್ಕಾದರೂ ಬೇಕು ಅನ್ನುವವರ ವಾದದಲ್ಲೂ ಹುರುಳಿದೆ. ನನ್ನ ಮಟ್ಟಿಗೆ ಅಳತೆಗೋಲು ಇಷ್ಟೇ: ಒತ್ತಿದವನಿಗೆ ಮೆಸೇಜ್‌ನಲ್ಲಿ ಇಲ್ಲದ ಏನಾದರೂ ಒಂದು ಸಿಗಬೇಕು.

ಭಾನುವಾರದ ಕೆಲಸಕ್ಕೆ ಆಗಾಗ ಕಾಲೇಜು ಹುಡುಗ ಹುಡುಗಿಯರು ಹೊಸದಾಗಿ ಬರುತ್ತಾರೆ. ಚುರುಕಾಗಿರುತ್ತಾರೆ. ಮೂರು ಸಾಲು ಬದಲಾಯಿಸಿ, ‘ಸರಿಪಡಿಸಲಾಗಿದೆ’ ಅಂತ ಬರೆದು ಕಳಿಸುತ್ತಾರೆ. ಅವರಿಗೆ ನಾನು ಕೇಳುವುದು ನಾಲ್ಕೇ ಪ್ರಶ್ನೆ. ಏನು ಕೆಟ್ಟಿತ್ತು? ಯಾರು ಹೇಳಿದರು, ಎಲ್ಲಿ? ಬೇರೆ ಯಾವ ದಾರಿ ಯೋಚಿಸಿದಿರಿ, ಅದನ್ನು ಯಾಕೆ ಬಿಟ್ಟಿರಿ? ಇದಕ್ಕೆ ಯಾರಾದರೂ ಬೇಡ ಅಂದರೇ? ಮೊದಲ ಎರಡಕ್ಕೆ ಉತ್ತರ ಸುಲಭವಾಗಿ ಬರುತ್ತೆ. ಮೂರನೆಯದಕ್ಕೆ ಸ್ವಲ್ಪ ಯೋಚಿಸುತ್ತಾರೆ. ನಾಲ್ಕನೆಯದಕ್ಕೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ‘ಬೇಡ ಅಂದವರ ಹೆಸರನ್ನು ನಾವೇ ಯಾಕೆ ಬರೆಯಬೇಕು ಸರ್? ನಾವು ಗೆದ್ದಿದ್ದೀವಲ್ಲ?’ ಅಂತ ಒಬ್ಬ ಹುಡುಗ ನೇರವಾಗಿ ಕೇಳಿದ.

ಒಳ್ಳೆಯ ಪ್ರಶ್ನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇವತ್ತಿನ ತೀರ್ಮಾನ ಇವತ್ತಿನ ಪರಿಸ್ಥಿತಿಗೆ. ಅವತ್ತು ಮೆಮೊರಿ ದುಬಾರಿ ಅಂತ ಹೀಗೆ ಮಾಡಿದೆವು, ನಾಳೆ ಅಗ್ಗವಾಗಬಹುದು. ಯಾವುದೋ ಒಂದು ಹಳೆಯ ಫೋನಿಗೋಸ್ಕರ ಸುತ್ತುಬಳಸಿನ ದಾರಿ ಹಿಡಿದೆವು, ಆ ಫೋನೇ ಗುಜರಿಗೆ ಹೋಗಬಹುದು. ಆಗ ಬರುವವರಿಗೆ ಬೇಕಾಗುವುದು ನಾವು ಗೆದ್ದ ವಾದಕ್ಕಿಂತ ಹೆಚ್ಚಾಗಿ, ಅವತ್ತು ಸೋತ ವಾದ. ‘ಹೀಗೆ ಮಾಡಿದರೆ ಮುಂದೆ ಇಂಥ ತೊಂದರೆ ಬರುತ್ತೆ’ ಅಂತ ಒಬ್ಬರು ಹೇಳಿದ್ದರು, ನಾವು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅಂದರೆ ಇದಕ್ಕೆ, ಪೂರ್ತಿ ಮಾತು ಇಲ್ಲಿದೆ. ಇಷ್ಟು ಬರೆದಿಟ್ಟರೆ ಮುಂದೆ ಬರುವವರಿಗೆ ನಮ್ಮನ್ನು ಕೇಳದೆಯೇ ನಮ್ಮ ತೀರ್ಮಾನವನ್ನು ರದ್ದು ಮಾಡುವ ಅಧಿಕಾರ ಸಿಕ್ಕಿತು. ಕಾರಣವನ್ನು ಬಚ್ಚಿಟ್ಟವನು ತಾನು ಹೋದ ಮೇಲೂ ಯಜಮಾನಿಕೆ ಮಾಡುತ್ತಿರುತ್ತಾನೆ, ತನಗೇ ಗೊತ್ತಿಲ್ಲದ ಹಾಗೆ.

ಇದಕ್ಕೆ ಖರ್ಚಾಗುವುದು ಹೆಚ್ಚೆಂದರೆ ಹತ್ತು ನಿಮಿಷ. ಮುಕ್ತ ತಂತ್ರಾಂಶದಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ನಿದ್ದೆ ಬಿಟ್ಟು, ಉದ್ದುದ್ದ ಉತ್ತರ ಬರೆದು, ಕೊನೆಗೆ ತಮ್ಮ ಮಾತು ನಡೆಯದೆ ಸುಮ್ಮನಾಗಿರುತ್ತಾರೆ. ಅವರಿಗೆ ನಾವು ಕೊಡಬಹುದಾದ ಮರ್ಯಾದೆ ಅಂದರೆ ಒಂದು ಸಾಲಿನ ಉಲ್ಲೇಖ. ಆರೇಳು ವರ್ಷ ಕಳೆದು ಯಾವುದೋ ಊರಿನ ಯಾರೋ ಒಬ್ಬಳು, ರಾತ್ರಿ ಹನ್ನೊಂದಕ್ಕೆ, ಆ ದಾರ ಹಿಡಿದು ಹೋಗಿ ಹಳೆಯ ಜಗಳವನ್ನೆಲ್ಲ ಓದಿ, ‘ಅಯ್ಯೋ, ಆಗಲೇ ಈ ಮನುಷ್ಯ ಹೇಳಿದ್ದೇ ಸರಿಯಾಗಿತ್ತಲ್ಲ’ ಅಂತ ಅಂದುಕೊಳ್ಳಬಹುದು. ಅವಳು ಬರೆಯುವ ಹೊಸ ಕಮಿಟ್‌ನಲ್ಲಿ, ಕೊನೆಯ ಸಾಲಿನಲ್ಲಿ, ಆ ಸೋತ ಮನುಷ್ಯನ ಇಮೇಲ್‌ನ ವಿಳಾಸ ಇರುತ್ತೆ.